ಗುಡುಗಣ್ಣನ ಮೂರನೇ ಸಲ

ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದ ಆ ಮಹಾನುಭಾವನಿಗೆ ಗುಡುಗಣ್ಣ ಅಂತ ಹೆಸರಿಟ್ಟವರು ಬಹಳ ಸೌಮ್ಯ ಸ್ವಭಾವದವರಿರಬೇಕು. ಗುಡುಗಾದರೂ ಮಳೆ ಬಂದಮೇಲೆ ಸುಮ್ಮನಾಗುತ್ತದೆ. ಈತ ಬಾಯಿ ತೆರೆದರೆ ಈರುಳ್ಳಿ ಮೂಟೆಯ ಮೇಲೆ ಮಲಗಿದ್ದ ಬೆಕ್ಕು ಎದ್ದು ಸಂಸಾರ ಸಮೇತ ಪಕ್ಕದ ಬೀದಿಗೆ ಗುಳೆ ಹೋಗುತ್ತಿತ್ತು. "ಒಂದು ಸಲ! ಎರಡು ಸಲ! ಮೂರು ಸಲ!" ಮೂರನೇ ಸಲಕ್ಕೆ ತೊಡೆ ತಟ್ಟಿದನೆಂದರೆ ಮಾಲು ಕೈ ಬದಲಾಯಿತು. ಆಮೇಲೆ ದೇವರೇ ಬಂದು ಹೆಚ್ಚಿಗೆ ಕೊಡುತ್ತೇನೆಂದರೂ ನಡೆಯದು.

ಆ ಕಸುಬನ್ನು ಮಂಡಿಯಲ್ಲೇ ಬಿಟ್ಟು ಬರುವ ಬುದ್ಧಿ ಇದ್ದಿದ್ದರೆ ಹೇಳಲು ಕಥೆಯೇ ಇರುತ್ತಿರಲಿಲ್ಲ. ಮನೆಗೂ ತಂದ. ಗೋಡೆಗೆ ಯಾವ ಬಣ್ಣ, ಮಗನಿಗೆ ಯಾವ ಹುಡುಗಿ, ಕಿಟಕಿ ತೆರೆಯಬೇಕೋ ಮುಚ್ಚಬೇಕೋ, ಎಲ್ಲಕ್ಕೂ ಹರಾಜೇ ತೀರ್ಮಾನ. ಹೆಂಡತಿ "ರೀ, ನಾನೇನು ಹೇಳ್ತೀನಿ ಅಂದ್ರೆ..." ಅನ್ನುವಷ್ಟರಲ್ಲಿ ಮೂರೂ ಮುಗಿದು ತೊಡೆಯ ಸದ್ದೂ ಕೇಳಿಸಿರುತ್ತಿತ್ತು. ಒಂದಕ್ಕೂ ಎರಡಕ್ಕೂ ನಡುವೆ ಆಕೆಯ ಒಂದು ಮಾತು ತೂರುವಷ್ಟು ಸಂದು ಆ ಮನೆಯಲ್ಲಿ ಎಂದೂ ಇರಲಿಲ್ಲ.

ಹಾಗೆ ಕೂಗಿ ಮುಚ್ಚಿದ ಬಾಗಿಲುಗಳಲ್ಲಿ ನಾದಿನಿಯ ಮನೆಯದೂ ಒಂದು. ಹೆಂಡತಿಗೆ ಇದ್ದ ಒಬ್ಬಳೇ ತಂಗಿ. ಅವಳು ಒಮ್ಮೆ ಊಟಕ್ಕೆ ಕರೆದಾಗ, ಈತ ತಟ್ಟೆಯ ಮುಂದೆ ಕೂತು ಟೊಮೆಟೊ ದರದ ಮೇಲೆ ಭಾಷಣ ಶುರುಮಾಡಿದ. "ಭಾವ, ಸ್ವಲ್ಪ ಮೆಲ್ಲಗೆ, ಮಗು ಮಲಗಿದೆ," ಅಂದಳು. ಸಂಸಾರಕ್ಕೇ ಅನ್ನ ಹಾಕುವ ಗಂಟಲಿಗೆ ಮೆಲ್ಲಗೆ ಅಂತಾಳಾ! ಕೈ ತೊಳೆದು ಎದ್ದವನು ಹೊಸ್ತಿಲಲ್ಲೇ ನಿಂತು ಕೂಗಿದ: "ಈ ಮನೆಗೆ ಇನ್ನು ನಾವ್ಯಾರೂ ಕಾಲಿಡಲ್ಲ. ಒಂದು ಸಲ, ಎರಡು ಸಲ, ಮೂರು ಸಲ!" ಮಗು ಎದ್ದು ಕಿರುಚಿತು. ಹೆಂಡತಿ ಕಣ್ಣೊರೆಸಿಕೊಂಡು ಹಿಂದೆ ನಡೆದಳು. ಆ ಮಗುವಿಗೆ ಹಲ್ಲು ಬಂದು, ಬಿದ್ದು, ಮತ್ತೆ ಬಂದರೂ ತೀರ್ಪು ಅಲುಗಲಿಲ್ಲ. ತಂಗಿಯ ಮುಖ ನೋಡಬೇಕೆಂಬ ಆಸೆಯನ್ನು ಆಕೆ ಅಡುಗೆಮನೆಯಲ್ಲೇ ನುಂಗಿಕೊಂಡಳು.

ಹೋದ ವರ್ಷ ಆ ಗಂಟಲಲ್ಲೇ ಗಂಟು ಕಾಣಿಸಿತು. ಡಾಕ್ಟರು ಗಂಟು ತೆಗೆದರು, ಜೊತೆಗೆ ದನಿಯೂ ಹೋಯಿತು. ಪ್ರಾಣ ಉಳಿಯಿತಲ್ಲ ಎಂದು ನೋಡಲು ಬಂದವರೆಲ್ಲ ಸಮಾಧಾನ ಹೇಳಿದರು, ಬೇಕೆಂದೇ ಮೆಲ್ಲಗೆ ಹೇಳಿದರು. ಮಂಡಿಗೆ ಬೇರೆ ಗಂಟಲು ಬಂತು. ಗುಡುಗಣ್ಣ ಮನೆಯಲ್ಲಿ ಕೂತು ಸಿಟ್ಟಿನಿಂದ ತೊಡೆ ತಟ್ಟಿದರೆ ಸೊಸೆ, "ಸೊಳ್ಳೆನಾ ಮಾವ?" ಅಂತ ವಿಚಾರಿಸುತ್ತಿದ್ದಳು.

ಆ ಸೊಸೆಯೇ ಒಂದು ದಿನ ಮಾವನ ಫೋನಿಗೆ ಏನೋ ಹಾಕಿಕೊಟ್ಟಳು. ಅಕ್ಷರ ಒತ್ತಿದರೆ ಫೋನೇ ಓದಿ ಹೇಳುತ್ತದೆ. ಗುಡುಗಣ್ಣ ಕೋಳಿ ಕಾಳು ಹೆಕ್ಕಿದ ಹಾಗೆ ಒಂದೇ ಬೆರಳಲ್ಲಿ ಕುಕ್ಕಿ ಕುಕ್ಕಿ, ಬೆವರಿ, ತಿಂಗಳುಗಟ್ಟಲೆ ಕೂಡಿಟ್ಟ ಸಿಟ್ಟನ್ನೆಲ್ಲ ಒಂದು ಸಾಲಿಗೆ ಇಳಿಸಿ ಗುಂಡಿ ಒತ್ತಿದ. ಜೇನಲ್ಲಿ ಅದ್ದಿ ತೆಗೆದಂಥ ಹೆಣ್ಣುದನಿಯೊಂದು, ಅತಿಥಿಗಳಿಗೆ ನೀರು ಬೇಕೇ ಎಂದು ಕೇಳುವ ಧಾಟಿಯಲ್ಲಿ ಹೇಳಿತು: "ಕತ್ತೆ ಮುಂಡೇವಾ, ನನ್ನ ಕಾಫಿ ಎಲ್ಲಿ ಸತ್ತೋಯ್ತು?"

ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಓಡಿದಳು. ಹೆಂಡತಿ ಓಡಲಿಲ್ಲ. ಮದುವೆಯಾದಾಗಿನಿಂದ ಗಂಡನೆದುರು ನಗದವಳು ಬಾಗಿಲ ಚೌಕಟ್ಟು ಹಿಡಿದು, ಆಮೇಲೆ ಹೊಟ್ಟೆ ಹಿಡಿದು, ಕೊನೆಗೆ ನೆಲಕ್ಕೇ ಕೂತು ನಕ್ಕಳು.

"ಇನ್ನೊಂದ್ಸಲ ಬೈಸ್ರೀ ಆಯಮ್ಮನ ಕೈಲಿ!"

ಗುಡುಗಣ್ಣನ ಮುಖ ಸುಟ್ಟ ಬದನೆಕಾಯಿ. ಆದರೆ ಬೈಯದೆ ಇರುವ ಜೀವವೇ ಅದು? ಬೈಸಿದ. ಅವಳು ನಕ್ಕಳು. ದಿನವೂ ಇದೇ ಆಯಿತು. ಜೀವಮಾನವಿಡೀ ಗಂಟಲು ಹರಿದುಕೊಂಡು ಕಟ್ಟಿದ್ದ ಭಯದ ಕೋಟೆಯನ್ನು ಆ ಫೋನಿನ ಹುಡುಗಿ ವಾರದೊಳಗೆ ಕೆಡವಿ ಕೈ ಕೊಡವಿಕೊಂಡಳು. ಅದಕ್ಕಿಂತ ಕೆಟ್ಟದ್ದೆಂದರೆ ಯಜಮಾನನಿಗೇ ರುಚಿ ಹತ್ತಿತು. ಹೆಂಡತಿ ನಗಲಿ ಎಂದೇ ಬೆಳಗಿನಿಂದ ಕೂತು ಹೊಸ ಹೊಸ ಬೈಗುಳ ಹೊಸೆಯತೊಡಗಿದ.

ಹೆಂಡತಿ ಕಡಿಮೆಯೇ? ಸೊಸೆಯನ್ನು ಕಾಡಿ ತನ್ನ ಫೋನಿಗೂ ಅದನ್ನೇ ಹಾಕಿಸಿಕೊಂಡಳು. ಆಕೆಯ ಗಂಟಲಿಗೇನೂ ಆಗಿರಲಿಲ್ಲ, ಆಸೆಯಾಗಿತ್ತು ಅಷ್ಟೇ. ಆರಿಸಿದ್ದು ಗಂಡುದನಿ, ತಳ ಹಿಡಿದ ಪಾತ್ರೆ ಉಜ್ಜಿದಂಥದ್ದು.

"ಅನ್ನ ಸರಿಯಾಗಿ ಬೆಂದಿಲ್ಲ," ಎಂದು ಗುಡುಗಣ್ಣನ ಫೋನು ನಯವಾಗಿ ದೂರುತ್ತಿತ್ತು.

"ಹಲ್ಲಿದೆಯಲ್ಲ, ಅಗಿ," ಎಂದು ಹೆಂಡತಿಯ ಫೋನು ಗದರುತ್ತಿತ್ತು.

ಪಕ್ಕದ ಮನೆಯಾಕೆ ಸೊಸೆಯನ್ನು ತಡೆದು ಕೇಳಿದಳು: "ನಿಮ್ಮನೇಲಿ ಹೊಸ ಜೋಡಿ ಬಾಡಿಗೆಗೆ ಬಂದಿದೆಯಾ? ಪಾಪ, ಹುಡುಗಿ ಎಷ್ಟು ಸಭ್ಯಸ್ಥೆ. ಗಂಡನೇ ಸ್ವಲ್ಪ ಒರಟ."

ಹೀಗಿರುವಾಗ ತಂಗಿಯ ಫೋನು ಬಂತು. ಅವಳ ಗಂಡನಿಗೆ ದೂರದ ಊರಿಗೆ ವರ್ಗವಾಗಿತ್ತು, ಭಾನುವಾರ ಹೊರಡುವುದು. "ಒಂದ್ಸಲ ಬಂದು ಮುಖ ತೋರಿಸಿ ಹೋಗೇ ಅಕ್ಕ," ಅಂದು ಇಟ್ಟುಬಿಟ್ಟಳು.

ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ಜೋಡಿಸಿದಳು, ಜೋಡಿಸಿದ್ದನ್ನೇ ಮತ್ತೆ ಜೋಡಿಸಿದಳು. ಆಮೇಲೆ ಬಂದು ಗಂಡನೆದುರು ಕುರ್ಚಿ ಎಳೆದು ಕೂತು ಫೋನು ತೆಗೆದಳು. ಬಾಯಲ್ಲಿ ಹೇಳಿದ್ದರೆ ಅಳು ಬರುತ್ತಿತ್ತು. ಫೋನಿನೊಳಗಿನ ಆ ಒರಟನಿಗೆ ಅಳು ಬರುವುದಿಲ್ಲ.

"ನಾನು ತಂಗಿ ಮನೆಗೆ ಹೋಗ್ತೀನಿ," ಎಂದಿತು ಗಂಡುದನಿ. "ಒಂದು ಸಲ."

ಗುಡುಗಣ್ಣನ ಕೈ ತೊಡೆಯ ಮೇಲೇ ನಿಂತಿತು. ತನ್ನ ಕಸುಬಿನ ಮಾತು, ತನ್ನದೇ ಮನೆಯಲ್ಲಿ, ತನ್ನೆದುರೇ! ಆಟವಿರಬೇಕೆಂದು ಅವಳ ಮುಖ ನೋಡಿದ. ನಗು ಇರಲಿಲ್ಲ. ಮೆಲ್ಲಗೆ ಫೋನು ಎತ್ತಿಕೊಂಡ.

"ಎರಡು ಸಲ."

ಬೆರಳು ಕುಕ್ಕತೊಡಗಿತು. ತಪ್ಪಾಯಿತು, ಅಳಿಸಿತು, ಮತ್ತೆ ಕುಕ್ಕಿತು. ಹೆಂಡತಿಯ ಹೆಬ್ಬೆರಳು ಮೂರನೇ ಸಲಕ್ಕೆ ತಯಾರಾಗಿತ್ತು. ಒತ್ತಿದ್ದರೆ ಮುಗಿಯುತ್ತಿತ್ತು, ಆ ವಿದ್ಯೆ ಕಲಿಸಿದ ಗುರುವೂ ಎದುರಿಗೇ ಇದ್ದ. ಅವಳು ಒತ್ತಲಿಲ್ಲ. ಆತ ಎಂದೂ ಬಿಡದಿದ್ದ ಸಂದನ್ನು ಬಿಟ್ಟುಕೊಟ್ಟು, ಆತನ ಬೆರಳನ್ನೇ ನೋಡುತ್ತ ಕೂತಳು.

ಕೊನೆಗೆ ಜೇನುದನಿ ಸವಾಲು ಏರಿಸಿತು: "ನಾನೂ ಬರ್ತೀನಿ."

"ಮೂರು ಸಲ!" ಹೆಂಡತಿ ಫೋನು ಮರೆತು ಬೀದಿಗೆಲ್ಲ ಕೇಳುವ ಹಾಗೆ ಬಾಯಲ್ಲೇ ಕೂಗಿದಳು. ತೊಡೆಯನ್ನೂ ತಟ್ಟಿದಳು, ಗಂಡನದನ್ನು.

ಶನಿವಾರ ನಾದಿನಿಯ ಮನೆಯ ತುಂಬ ಕಟ್ಟಿಟ್ಟ ಪೆಟ್ಟಿಗೆಗಳು. ಅಕ್ಕತಂಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತು ಮುಗಿಸುವವರೆಗೂ ಗುಡುಗಣ್ಣ ಆ ಹಳೆಯ ಹೊಸ್ತಿಲಲ್ಲೇ ಇಂಗು ತಿಂದ ಮಂಗನಂತೆ ನಿಂತು ಏನೋ ಕುಕ್ಕುತ್ತಿದ್ದ. ನಾದಿನಿ "ಭಾವ..." ಎಂದು ತಿರುಗಿದಾಗ ಫೋನಿನ ಸದ್ದನ್ನು ಆದಷ್ಟೂ ಇಳಿಸಿ, ಅವಳ ಮುಂದೆ ಹಿಡಿದು ಒತ್ತಿದ.

"ಮಗು ಮಲಗಿದೆಯಾ?" ಎಂದಿತು ಫೋನು, ಪಿಸುಮಾತಿನಷ್ಟು ಮೆಲ್ಲಗೆ.

ತಾಯಿಯ ಭುಜದೆತ್ತರ ಬೆಳೆದಿದ್ದ ಮಗು ಪೆಟ್ಟಿಗೆಗಳ ಹಿಂದಿನಿಂದ ಕತ್ತು ಚಾಚಿತು. "ಅಮ್ಮ, ಯಾರೋ ಆಂಟಿ ಮಾತಾಡಿದ ಹಾಗಾಯ್ತು. ಎಲ್ಲಿದ್ದಾರೆ?"

ಆಂಟಿಯ ಯಜಮಾನ ಆಗಲೇ ತಲೆ ತಗ್ಗಿಸಿ ಮುಂದಿನ ಬೈಗುಳ ಕುಕ್ಕುತ್ತಿದ್ದ.