ಪುಣ್ಯಾತ್ಮನಿಗೊಂದು ಎಲೆ

ನಮ್ಮ ಸೊಸೆ ಬಸುರಿ! ಇವತ್ತು ಮಧ್ಯಾಹ್ನ ಸಾಗರದ ಡಾಕ್ಟರಮ್ಮ ಫೋನಿನಲ್ಲಿ ಹೇಳಿದರು. ನಾನು ಅಜ್ಜಿಯಾಗುತ್ತೇನೆ! ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ಇರಲಿ, ಬರೆಯದೆ ಇರಲಾರೆ.

ಮಗ ಮಾತ್ರ ಫೋನು ಇಟ್ಟವನೇ ಗದ್ದೆ ಕಡೆ ಹೋದ. ಅವನಿಗೆ ಖುಷಿಯೋ ಬೇಜಾರೋ ತಿಳಿಯಲಿಲ್ಲ.

ಅವನಿಂದ ಮಕ್ಕಳಾಗುವ ಹಾಗಿರಲಿಲ್ಲ. ಯಾರೋ ದಾನ ಕೊಟ್ಟ ವೀರ್ಯವನ್ನು ಸೊಸೆಯ ಗರ್ಭಕ್ಕೆ ಸೇರಿಸಲು ಇಬ್ಬರೂ ಒಪ್ಪಿದ್ದರು. ಎರಡು ಸಲ ನಿಲ್ಲಲಿಲ್ಲ. ಹೊಸನಗರದಿಂದ ಬಸ್ಸಿನಲ್ಲಿ ಕುಲುಕಾಡಿಕೊಂಡು ಹೋಗಿಬಂದದ್ದಕ್ಕೇ ಹೀಗಾಯಿತು ಎಂದು ನಂಬಿ, ಈ ಸಲ ಕಾರು ಮಾಡಿಸಿ ನಾನೂ ಹೋಗಿದ್ದೆ.

"ಬಸ್ಸಿಗೂ ಇದಕ್ಕೂ ಸಂಬಂಧ ಇಲ್ಲ ಅಜ್ಜಿ" ಎಂದಿದ್ದರು ಆವತ್ತು ಡಾಕ್ಟರಮ್ಮ. "ಹೆಂಗಸಿನ ವಯಸ್ಸು ಮುಖ್ಯ. ಗರ್ಭನಾಳ ತೆರೆದಿರಬೇಕು, ಅಂಡ ಬಿಡುಗಡೆಯಾಗೋ ಹೊತ್ತಿಗೆ ಸರಿಯಾಗಿ ಮಾಡಬೇಕು. ಎಲ್ಲ ಸರಿಯಿದ್ರೂ ಕೆಲವರಿಗೆ ನಾಲ್ಕಾರು ಸಲ ಬೇಕಾಗುತ್ತೆ."

"ಹಂಗಾರೆ ಇಕ್ಕೇರಿ ದೇವ್ರಿಗೆ ಹರಕೆ ಹೊತ್ತಿದ್ದು?"

"ಅದು ನಂಗೆ ಗೊತ್ತಿಲ್ಲ."

ನನಗೂ ಗೊತ್ತಾಗಲಿಲ್ಲ. ಈಗ ನಿಂತಿದ್ದು ಯಾವುದರಿಂದ? ಕಾರಿನಿಂದಲ್ಲವಂತೆ. ದೇವರಿಗೆ ಕಾಯಿ ಒಡೆಸಬಹುದು, ಡಾಕ್ಟರಮ್ಮನಿಗೆ ಸೀರೆ ಕೊಡಬಹುದು. ಆ ಕೊಟ್ಟ ಪುಣ್ಯಾತ್ಮನಿಗೆ? ಊರು ಹೆಸರು ಏನನ್ನೂ ಹೇಳುವ ಹಾಗಿಲ್ಲವಂತೆ.

ಸಂಜೆ ಕಡುಬು, ಕೋಳಿಸಾರು ಮಾಡಿದೆ. ಹಿರಿಯರ ಹಬ್ಬದಲ್ಲಿ ಎಡೆ ಇಡುವ ಮೂಲೆಯಲ್ಲಿ ಒಂದು ಎಲೆ ಹಾಕಿ ಎಲ್ಲವನ್ನೂ ಬಡಿಸಿದೆ.

"ಇದೆಂತದೇ? ಯಾರಿಗೆ ಎಡೆ?" ನಮ್ಮ ಮನೆಯವರು ಕೇಳಿದರು.

"ಆ ಪುಣ್ಯಾತ್ಮಂಗೆ."

ಸೊಸೆ ಬಿದ್ದುಬಿದ್ದು ನಕ್ಕಳು. "ಅಯ್ಯೋ ಅತ್ತೆ, ಎಡೆ ಇಡೋದು ಸತ್ತೋರಿಗಲ್ವ! ಅವ್ರು ಎಲ್ಲೋ ಗಟ್ಟಿಯಾಗಿ ಉಂಡ್ಕೊಂಡು ಇರ್ತಾರೆ."

ಒಳ್ಳೆಯದು ಮಾಡಿದವನಿಗೆ ಇದೆಂಥ ಕೇಡು ಬಯಸಿದೆ! ತೆಗೆದು ನಾಯಿಗೆ ಹಾಕುವುದೋ, ನೀರಿಗೆ ಬಿಡುವುದೋ? ಎಲೆ ಹಿಡಿದು ಅಲ್ಲೇ ನಿಂತೆ. ಅಷ್ಟರಲ್ಲಿ ಮಗ ಕಾಲು ತೊಳೆದು ಒಳಗೆ ಬಂದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಮುಖ ನೋಡಲು ನನಗೆ ಹೆದರಿಕೆಯಾಯಿತು.

"ಕೊಡಮ್ಮ ಇಲ್ಲಿ" ಎಂದು ನನ್ನ ಕೈಯಿಂದ ಎಲೆ ತೆಗೆದುಕೊಂಡು ಹೆಂಡತಿಯ ಪಕ್ಕ ಕೂತ. "ಅಪ್ಪ ಆಗೋನು ನಾನು. ನಾನೇ ಉಣ್ತೀನಿ."

"ಹಂಗಾರೆ ಆ ಕೋಳಿಕಾಲು ಇತ್ಲಾಗೆ ಹಾಕೋ" ಎಂದರು ನಮ್ಮ ಮನೆಯವರು. "ಅಜ್ಜಂಗೂ ಪಾಲು ಇಲ್ವೇನೋ?"

ಮಗ ಆ ಕಾಲನ್ನು ಸೊಸೆಯ ಎಲೆಗೆ ಹಾಕಿದ. ಅಪ್ಪ ಬೈದರು, ಮಗ ನಕ್ಕ. ನಾನೂ ಅವರ ಎದುರಿಗೇ ಕೂತು ಕಡುಬು ಮುರಿದೆ.