ಇನ್ನಾಸಪ್ಪ ಮೇಸ್ತ್ರಿಯ ತಪಸ್ಸು ಕಾಲ

ಕೋಗಿಲಿನ ಇನ್ನಾಸಪ್ಪ ಗಾರೆ ಮೇಸ್ತ್ರಿ. ಯಲಹಂಕದ ಸುತ್ತ ಎದ್ದು ನಿಂತ ಮನೆಗಳಲ್ಲಿ ಅವನು ಕಟ್ಟಿದವು ಬೇಕಾದಷ್ಟಿವೆ. ಆದರೆ ಭಾನುವಾರ ಎಂಥ ಅವಸರದ ಕೆಲಸವಿದ್ದರೂ ಕರಣೆ ಮುಟ್ಟುವುದಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಚರ್ಚಿನ ಮುಂದಿನ ಸಾಲಿನಲ್ಲಿ ಕೂರುತ್ತಾನೆ. ಅವನ ಭಕ್ತಿಯ ಬಗ್ಗೆ ಊರಲ್ಲಿ ಯಾರಿಗೂ ಅನುಮಾನವಿಲ್ಲ. ಅವನಿಗಂತೂ ಇಲ್ಲವೇ ಇಲ್ಲ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವನಿಗೂ ರಿಯಾಜ್‌ಗೂ ಮಾತು ಬಿಟ್ಟುಹೋಯಿತು. ರಿಯಾಜ್ ಟೈಲ್ಸ್ ಕೆಲಸದವನು; ಮೀಸೆ ಮೂಡಿದಾಗಿನಿಂದ ಇನ್ನಾಸಪ್ಪನ ಜೊತೆಗೇ ದುಡಿದವನು. ಚಿಕ್ಕಬೈರಪ್ಪ ಅಂತ, ಹಳೇ ಊರಿನ ಜಮೀನುದಾರ. ಈಗ ಹೊಲದಲ್ಲಿ ರಾಗಿಯ ಬದಲು ಬಾಡಿಗೆ ಮನೆ ಬೆಳೆಯುತ್ತಾನೆ. ಅವನ ಹೊಸ ಮನೆಯ ಬಚ್ಚಲಲ್ಲಿ ನೀರು ಮೋರಿಯ ಕಡೆ ಹೋಗದೆ ಬಾಗಿಲ ಕಡೆ ಬಂತು. ನೆಲ ಹಾಕಿದ್ದು ಇನ್ನಾಸಪ್ಪ, ಅದರ ಮೇಲೆ ಟೈಲ್ಸ್ ಕೂರಿಸಿದ್ದು ರಿಯಾಜ್. ನಿನ್ನ ತಪ್ಪು ಅಂತ ಇವನು, ನಿಮ್ಮ ತಪ್ಪು ಅಂತ ಅವನು. ಕೊನೆಗೆ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು.

ಅಷ್ಟರಲ್ಲಿ ಆಗಮನ ಕಾಲ ಬಂತು. ಕ್ರಿಸ್ಮಸ್ಸಿಗೆ ಮನಸ್ಸು ಸಿದ್ಧ ಮಾಡಿಕೊಳ್ಳಬೇಕಾದ ದಿನಗಳು. ಇನ್ನಾಸಪ್ಪ ಚರ್ಚಿನ ಗುರುಗಳ ಬಳಿ ಪಾಪನಿವೇದನೆಗೆ ಹೋಗಿ, ಮೊಣಕಾಲೂರಿ, ರಿಯಾಜ್ ಮಾಡಿದ ಪಾಪಗಳನ್ನೆಲ್ಲ ವಿವರವಾಗಿ ಹೇಳಿದ.

"ನಿಮ್ಮ ಪಾಪ ಹೇಳಿ ಮೇಸ್ತ್ರಿ," ಅಂದರಂತೆ ಗುರುಗಳು. "ಅವರದ್ದು ಅವರು ನೋಡ್ಕೋತಾರೆ. ಕ್ರಿಸ್ಮಸ್ ಒಳಗೆ ಹೋಗಿ ಮಾತಾಡಿಸಿ, ಅದೇ ನಿಮ್ಮ ಪ್ರಾಯಶ್ಚಿತ್ತ."

ಇದನ್ನು ಟೀ ಅಂಗಡಿಯಲ್ಲಿ ನಿಂತು ಎಲ್ಲರಿಗೂ ಹೇಳಿದವನು ಇನ್ನಾಸಪ್ಪನೇ. ಈ ಕಾಲದ ಗುರುಗಳಿಗೆ ಅನುಭವ ಸಾಲದು ಅಂತ ಅವನ ದೂರು.

ಮಾತಾಡಿಸಲು ಅವನಿಗೆ ಪುರುಸೊತ್ತೂ ಇರಲಿಲ್ಲ. ಚರ್ಚಿನ ಗೋದಲಿ ಕಟ್ಟುವುದು ಅವನ ಪಾಲಿನ ಸೇವೆ. ಬಾಲಯೇಸು ಹುಟ್ಟಿದ ಕೊಟ್ಟಿಗೆಯನ್ನು ಉಳಿದವರು ಹುಲ್ಲು, ಬಿದಿರಿನಲ್ಲಿ ಕಟ್ಟಿದರೆ ಇವನದು ಇಟ್ಟಿಗೆ, ಸಿಮೆಂಟು. ವರ್ಷಕ್ಕೊಂದು ಸೇರಿಸುತ್ತ ಬಂದು ಕಾಂಪೌಂಡು, ಪೋರ್ಟಿಕೋ ಎಲ್ಲ ಆಗಿದ್ದವು. ಈ ಸಲ ಕೊಟ್ಟಿಗೆಗೆ ಗಾರೆ ನೆಲ ಹಾಕಿ, ದನದ ಗಂಜಲ ಹೋಗಲು ಪುಟ್ಟ ಮೋರಿಯನ್ನೂ ಮಾಡಿದ. ತನ್ನ ಕೈಯ ಇಳಿಜಾರು ಹೇಗಿರುತ್ತದೆಂದು ನಾಲ್ಕು ಜನ ನೋಡಲಿ ಎಂಬುದು ಒಳಗಿನ ಆಸೆ.

ಕ್ರಿಸ್ಮಸ್ಸಿನ ಹಿಂದಿನ ಸಂಜೆ ಜನರ ಮುಂದೆ ಒಂದು ಚೊಂಬು ನೀರು ಸುರಿದ. ನೀರು ಮೋರಿಯ ಕಡೆ ತಿರುಗಿಯೂ ನೋಡಲಿಲ್ಲ. ನೇರವಾಗಿ ಹೋಗಿ ಸಂತ ಜೋಸೆಫರ ಪಾದ ನೆನೆಸಿ, ಕುರಿಗಳನ್ನು ದಾಟಿ, ಬಾಲಯೇಸುವಿನ ಹುಲ್ಲಿನ ಕೆಳಗೆ ನಿಂತಿತು.

ಬಚ್ಚಲಿನ ತಪ್ಪು ಯಾರದೆಂದು ಅವತ್ತೇ ಅವನಿಗೆ ಗೊತ್ತಾಯಿತು. ಗೊತ್ತಾದ ಮೇಲೆ ರಿಯಾಜ್‌ನ ಮುಖ ನೋಡುವುದು ಇನ್ನೂ ಕಷ್ಟವಾಯಿತು.

ಈ ವರ್ಷ ಈಸ್ಟರಿಗೆ ಮುಂಚಿನ ವ್ರತದ ದಿನಗಳಾದ ತಪಸ್ಸು ಕಾಲವೂ ರಂಜಾನೂ ಒಂದೇ ವಾರದಲ್ಲಿ ಶುರುವಾದವು. ಬೂದಿ ಬುಧವಾರ ಇನ್ನಾಸಪ್ಪ ನಲವತ್ತು ದಿನ ಮಾಂಸ, ಬೀಡಿ ಎರಡೂ ಬಿಟ್ಟೆನೆಂದು ಹೆಂಡತಿ ಜ್ಞಾನಮ್ಮನಿಗೆ ಸಾರಿ, ಚರ್ಚಿನಲ್ಲಿ ಗುರುಗಳು ಹಣೆಗಿಟ್ಟ ಬೂದಿ ಅಳಿಸದಂತೆ ಮುಖವನ್ನೂ ತೊಳೆಯದೆ ಕೆಲಸಕ್ಕೆ ಹೋದ. ಹೋದ ಮೇಲೆ ನೋಡಿದರೆ ಅಲ್ಲಿ ರಿಯಾಜ್ ಇದ್ದಾನೆ. ಚಿಕ್ಕಬೈರಪ್ಪ ತನ್ನ ಇನ್ನೊಂದು ಬಾಡಿಗೆ ಮನೆಯ ಕೆಲಸಕ್ಕೆ ಇಬ್ಬರನ್ನೂ ಕರೆಸಿದ್ದ.

"ಮಾತಾಡ್ದಿದ್ರೆ ಬುಡಿ," ಅಂದ ಚಿಕ್ಕಬೈರಪ್ಪ. "ಕೆಲ್ಸ ಬಿರ್ರನೆ ಆಯ್ತದೆ."

ಇಬ್ಬರೂ ಗೋಡೆಗೆ ಹೇಳುವಂತೆ ಹೇಳಿಕೊಂಡು ಕೆಲಸ ಮಾಡಿದರು. ಮಾರ್ಚಿನ ಬಿಸಿಲು ಏರಿತು. ರೋಜಾ ಉಪವಾಸದಲ್ಲಿದ್ದ ರಿಯಾಜ್ ಇಡೀ ದಿನ ಒಂದು ಹನಿ ನೀರು ಮುಟ್ಟುತ್ತಿರಲಿಲ್ಲ. ಅದನ್ನು ನೋಡಿ ನೋಡಿ ಇನ್ನಾಸಪ್ಪನಿಗೆ ತನ್ನ ತಪಸ್ಸು ತೀರಾ ಸಪ್ಪೆ ಎನಿಸತೊಡಗಿತು. ಒಂದು ಶುಕ್ರವಾರ ಬೆಳಿಗ್ಗೆ, "ಸಂಜೆಗಂಟ ನಂಗೂ ನೀರ್ ಬ್ಯಾಡ," ಅಂದ.

"ಸ್ವಾಮಿಗಳು ಹಂಗೆ ಹೇಳಿದ್ರಾ?" ಕೇಳಿದಳು ಜ್ಞಾನಮ್ಮ.

"ಎಲ್ಲಾನೂ ಅವ್ರೇ ಯೋಳ್ಬೇಕಾ?" ಎಂದು ತಿಂಡಿಯನ್ನೂ ಬಿಟ್ಟು ಹೊರಟ.

ಮಧ್ಯಾಹ್ನ ಗಾರೆ ಬಾಂಡ್ಲಿ ಹೊತ್ತು ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂದು ಕುಸಿದ. ಓಡಿ ಬಂದವನು ರಿಯಾಜ್. ಅವನೂ ಬೆಳಗಿನಿಂದ ಬಾಯಿ ಒಣಗಿಸಿಕೊಂಡವನೇ. ಆದರೂ ಇನ್ನಾಸಪ್ಪನನ್ನು ತಬ್ಬಿ ಹಿಡಿದು ಕೆಳಗಿಳಿಸಿ, ನೆರಳಿಗೆ ಮಲಗಿಸಿ, ನೀರಿನ ಬಾಟಲಿ ಅವನ ಬಾಯಿಗಿಟ್ಟ.

"ಕುಡೀರಿ ಅಣ್ಣ. ನೀರ್ ಬಿಡು ಅಂತ ನಿಮ್ ಯೇಸುಸ್ವಾಮಿ ಹೇಳವ್ರಾ?"

"ಇಲ್ಲ ಕಣೋ."

"ಮತ್ತೆ ಯಾರ್ ಹೇಳಿದ್ದು?"

"ನಿನ್ನ ನೋಡ್ಕಂಡು..."

ರಿಯಾಜ್ ಒಣಗಿದ ತುಟಿಯಲ್ಲೇ ನಕ್ಕುಬಿಟ್ಟ. "ಅರೆ! ನಾವು ಬೆಳಕು ಹರಿಯೋ ಮುಂಚೆ ಎದ್ದು ಹೊಟ್ಟೆ ತುಂಬಾ ಊಟ ಮಾಡ್ತೀವಿ ಅಣ್ಣ. ನೀವು ಖಾಲಿ ಹೊಟ್ಟೇಲಿ ಬಂದು ರೋಜಾ ಇಡ್ತೀನಿ ಅಂದ್ರೆ ಹೆಂಗೆ?"

ಇನ್ನಾಸಪ್ಪ ಬಾಟಲಿ ಪೂರ್ತಿ ಕುಡಿದ. ಬಾಯಿ ಒರೆಸಿಕೊಂಡ. ಆಮೇಲೆ, "ಬಚ್ಚಲು ನಂದೇ ತಪ್ಪು ಕಣೋ ರಿಯಾಜು," ಅಂದ.

"ಗೊತ್ತು."

"ಯಾವಾಗಿಂದ?"

"ಟೈಲ್ಸ್ ಕೂರ್ಸೋವಾಗ್ಲೇ ನೋಡ್ದೆ. ಹೇಳಿದ್ರೆ ನಿಮಗೆ ಕೋಪ ಬರುತ್ತೆ ಅಂತ ಸುಮ್ನಾದೆ."

ಇನ್ನಾಸಪ್ಪ ಧಡಕ್ಕನೆ ಎದ್ದು ಕುಳಿತ. ಮುಖಕ್ಕೆ ಕಳೆ ಬಂತು. "ಅಂಗಾದ್ರೆ ತಪ್ಪು ನಿಂದೂ ಐತೆ!"

"ಐತೆ ಅಣ್ಣ, ಐತೆ. ಮಲಗಿ ಮೊದ್ಲು."

ಪವಿತ್ರ ಗುರುವಾರ ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಗುರುಗಳು ಹನ್ನೆರಡು ಮಂದಿಯ ಪಾದ ತೊಳೆಯುತ್ತಾರೆ. ಈ ವರ್ಷ ಇನ್ನಾಸಪ್ಪನಿಗೂ ಕರೆ ಬಂತು. ಆ ದಿನ ಕೆಲಸದಿಂದ ಬರುವುದೇ ತಡವಾಯಿತು. ಗುರುಗಳು ಬಲಗಾಲು ಮಾತ್ರ ತೊಳೆಯುತ್ತಾರೆಂಬ ಲೆಕ್ಕದಲ್ಲಿ ಅದೊಂದನ್ನೇ ಕಲ್ಲಿನಿಂದ ಉಜ್ಜಿ, ಕೊಬ್ಬರಿ ಎಣ್ಣೆ ಸವರಿ ಓಡಿದ. ಬೆಂಚಿನ ಮೇಲೆ ಕುಳಿತವರ ಪಾದಗಳೆಲ್ಲ ಮಕ್ಕಳ ಕೆನ್ನೆಯಂತೆ ಹೊಳೆಯುತ್ತಿದ್ದವು. ಯಾರದೋ ಕಾಲಿನಿಂದ ಸೆಂಟಿನ ವಾಸನೆ ಕೂಡ ಬರುತ್ತಿತ್ತು. ಗುರುಗಳು ಇವನ ಮುಂದೆ ಮಂಡಿಯೂರಿ ಬಲಗಾಲು ತೊಳೆದು ಒರೆಸಿದರು. ಆಮೇಲೆ ಏನನ್ನಿಸಿತೋ, ಎಡಗಾಲಿಗೂ ಕೈ ಚಾಚಿದರು.

"ಬ್ಯಾಡ ಸ್ವಾಮಿ," ಎಂದು ಇನ್ನಾಸಪ್ಪ ಕಾಲು ಬೆಂಚಿನ ಕೆಳಕ್ಕೆ ಎಳೆದುಕೊಂಡ.

ಅವರು ಬಿಡಲಿಲ್ಲ. ಸಿಮೆಂಟು ಮೆತ್ತಿದ, ಬಿರುಕು ಬಿಟ್ಟ ಹಿಮ್ಮಡಿಯ ಮೇಲೆ ನೀರು ಸುರಿದರು. ತಟ್ಟೆಯ ನೀರು ಬೂದು ಬಣ್ಣವಾಯಿತು.

"ತೊಳೆಯೋಕೆ ನೀವೊಬ್ರಾದ್ರೂ ಏನಾದ್ರೂ ತಂದಿದ್ದೀರಲ್ಲ ಮೇಸ್ತ್ರಿ," ಎಂದು ಅವನಿಗಷ್ಟೇ ಕೇಳುವಂತೆ ಹೇಳಿದರು.

ಇನ್ನಾಸಪ್ಪ ಆ ಪೂಜೆ ಮುಗಿಯುವವರೆಗೂ ತಲೆ ಎತ್ತಲಿಲ್ಲ. ಈ ಮಾತನ್ನು ಅವನು ಟೀ ಅಂಗಡಿಯಲ್ಲೂ ಹೇಳಲಿಲ್ಲ. ಬಹಳ ದಿನಗಳ ಮೇಲೆ ಜ್ಞಾನಮ್ಮನಿಗೊಬ್ಬಳಿಗೇ ಹೇಳಿದ್ದು.

ಪಾಸ್ಕ, ಅಂದರೆ ಈಸ್ಟರ್ ಹಬ್ಬದ ಮಧ್ಯಾಹ್ನ ರಿಯಾಜ್, ಅವನ ಹೆಂಡತಿ ತಸ್ನೀಮ್ ಊಟಕ್ಕೆ ಬಂದರು. ಜ್ಞಾನಮ್ಮ ಅವರಿಗೆ ನಡೆಯುವ ಅಂಗಡಿಯಿಂದಲೇ ಮಟನ್ ತರಿಸಿದ್ದಳು. ತಸ್ನೀಮ್ ಹಾಲು, ಶ್ಯಾವಿಗೆಯ ಶೀರ್ ಖುರ್ಮಾ ತಂದಿದ್ದಳು.

ಎರಡನೇ ಬಟ್ಟಲು ಮುಗಿಸಿದ ಇನ್ನಾಸಪ್ಪ, "ಮುಂದಿನ್ ವರ್ಷ ಏನ್ ಬಿಡಾದು ಅಂತ ಈಗ್ಲೇ ಯೋಚ್ನೆ ಮಾಡ್ತಾ ಇವ್ನಿ," ಅಂದ.

"ಹಟ ಬಿಡಿ," ಅಂದಳು ಜ್ಞಾನಮ್ಮ.

ರಿಯಾಜ್ ನಗು ತಡೆಯಲು ಬಾಗಿಲ ಕಡೆ ತಿರುಗಿದ. ಇನ್ನಾಸಪ್ಪ ನಿಜವಾಗಿಯೂ ಯೋಚಿಸಿದ.

"ಇನ್ನೂ ದಿನ ಐತಲ್ಲ, ನೋಡಾಣ," ಎಂದು ಬಟ್ಟಲನ್ನು ತಸ್ನೀಮ್ ಕಡೆ ಚಾಚಿದ.