ಎಡಗೆನ್ನೆಗೆ ಧ್ರುವ ನಕ್ಷತ್ರ

ಸಿಂಚನಾ, ಚೇತನ್, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ನಾಲ್ಕು ಜನರೆದುರು ಬಾಯಿ ತೆರೆಯಲಾರದವಳು ನಿಮ್ಮಜ್ಜಿ, ನಿಮಗೇ ಗೊತ್ತು. ದೆವ್ವ ಕಂಡಿತು, ಸತ್ತವರು ದಾರಿ ತೋರಿಸಿದರು ಎನ್ನುವವರ ಮಾತನ್ನು ನಾನು ಎಂದೂ ನಂಬಿದವಳಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ನನಗೇ ಹೀಗೊಂದು ಆಯಿತು.

ನಿಮ್ಮ ತಾತ ತೀರಿಕೊಂಡ ಮೇಲೆ ಕೊಟ್ಟಿಗೆ ಖಾಲಿ ಬಿದ್ದಿತ್ತು. ಅದನ್ನು ಕೆಡವಿ ಟ್ರ್ಯಾಕ್ಟರು ನಿಲ್ಲಿಸಲು ಜಾಗ ಮಾಡಬೇಕೆಂದು ನಿಮ್ಮ ಚಿಕ್ಕತಾತ ಹೊರಟರು. ನಾನು ಬಾಗಿಲ ಮರೆಯಿಂದಲೇ, ಬೇಡ, ಹಸು ತಂದು ಕಟ್ಟುತ್ತೇನೆ ಎಂದೆ. ಅವರು ನಕ್ಕರು. "ಸಂತೆಗೂ ಒಬ್ಳೇ ಓಗ್ದೋಳು ನೀನು, ಅಸ ತತ್ತೀಯಾ ಅತ್ಗೆ? ತಂದ್ರೆ ಕೊಟ್ಗೆ ನಿಂದೇ ಬುಡು."

ಕೆ.ಆರ್. ಪೇಟೆ ಕಡೆಯ ಸಿಂಧಘಟ್ಟದಲ್ಲಿ ಒಂದು ಗಬ್ಬದ ಹಸು ಸಿಕ್ಕಿತು. ಜೊತೆಗೆ ಬಂದವಳು ನನ್ನ ವಾರಗಿತ್ತಿ ತಾಯಮ್ಮ, ಅದೇ ಚಿಕ್ಕತಾತನ ಹೆಂಡತಿ. ಗಂಡ ಸೋಲುವುದನ್ನು ನೋಡಬೇಕೆಂಬ ಆಸೆ ಅವಳಿಗೆ. ಹೊಣಕೆರೆ ಪಕ್ಕದ ನಮ್ಮೂರಿಗೆ ಬೇಗ ಸೇರಿಸುತ್ತೇನೆಂದು, ಹಸು ಹತ್ತಿಸಿದ ಟೆಂಪೊದ ಡ್ರೈವರು ಗುಡ್ಡಗಳ ನಡುವಿನ ಒಳದಾರಿ ಹಿಡಿದ. ಅರ್ಧ ದಾರಿಯಲ್ಲಿ ಟೆಂಪೊ ಕೆಟ್ಟು ನಿಂತಿತು. ಮೆಕ್ಯಾನಿಕ್ಕನನ್ನು ಕರೆತರಲು ಹೋದವನು ಕತ್ತಲಾದರೂ ಬರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಚಿರತೆ ಓಡಾಡುವ ಕುರುಚಲು ಕಾಡು ಅದು. ಹಸುವಿನ ಕೆಚ್ಚಲು ಬಿಗಿದಿತ್ತು. ಅಲ್ಲೇ ಕರು ಹಾಕಿದರೆ ಎರಡನ್ನೂ ಉಳಿಸಿಕೊಳ್ಳಲು ನಮ್ಮಿಬ್ಬರಿಂದ ಆಗುತ್ತಿರಲಿಲ್ಲ. ಇಳಿಸಿಕೊಂಡು ನಡೆದೆವು. ಸ್ವಲ್ಪ ಮುಂದೆ ದಾರಿ ಕವಲೊಡೆದು, ಎಲ್ಲವೂ ಒಂದೇ ಥರ ಕಂಡವು.

ರಾಗಿ ಕಣ ಕಾಯುವಾಗ ನಿಮ್ಮ ತಾತ ನನಗೆ ಧ್ರುವ ನಕ್ಷತ್ರ ತೋರಿಸಿದ್ದರು. ನಮ್ಮ ಸೀಮೆಯಲ್ಲಿ ಅದು ನೆತ್ತಿಗೆ ಏರುವುದಿಲ್ಲ. ಬಡಗಲಿಗೆ, ಅಂದರೆ ಉತ್ತರಕ್ಕೆ, ಹಿತ್ತಲ ತೆಂಗಿನ ಸುಳಿಯ ಮಟ್ಟದಲ್ಲೇ ಮಂಕಾಗಿ ನಿಂತಿರುತ್ತದೆ. ಕೆ.ಆರ್. ಪೇಟೆ ಕಡೆಯಿಂದ ಬರುವಾಗ ಅದು ಎಡಗೆನ್ನೆಗೆ ಇದ್ದರೆ ಊರು ಎದುರಿಗಿದೆ ಎನ್ನುತ್ತಿದ್ದರು. ನಾನು ಸುತ್ತ ತಿರುಗಿ ನೋಡಿದೆ. ಅದೇ ಎತ್ತರದಲ್ಲಿ, ಅದೇ ಮಂಕಿನಲ್ಲಿ ಅದು ಇತ್ತು.

"ನಿಂಗೆ ದಾರಿ ಗೊತ್ತಾ ಅಕ್ಕ?" ಎಂದಳು ತಾಯಮ್ಮ.

ಗೊತ್ತು ಎಂದೆ. ಹಾಗೆ ಗಟ್ಟಿಯಾಗಿ ಹೇಳಿದ್ದು ಜೀವನದಲ್ಲೇ ಮೊದಲು. ಹಗ್ಗ ಹಿಡಿದು ಮುಂದೆ ನಡೆದೆ. ದಾರಿ ತಿರುಗಿದಾಗಲೆಲ್ಲ ಎಡಕ್ಕೆ ಕತ್ತು ಹೊರಳಿಸಿ ನೋಡಿದೆ. ಒಮ್ಮೆಯೂ ಅದು ಮರೆಯಾಗಲಿಲ್ಲ.

ಊರ ಬಾಗಿಲಲ್ಲಿ ಚಿಕ್ಕತಾತ ನಮ್ಮನ್ನು ಹುಡುಕಲು ಬೈಕು ತೆಗೆದು ನಿಂತಿದ್ದರು. ಹಸುವನ್ನು ನೋಡಿ ಬೈಕು ಆಫ್ ಮಾಡಿದರು. "ದಾರಿ ಬುಡಪ್ಪ," ಎಂದೆ, "ಓಗಿ ಕೊಟ್ಗೆ ಬಾಗ್ಲು ತಗಿ." ಅವರು ಓಡಿಹೋಗಿ ತೆಗೆದರು. ಬೆಳಗಾಗುವುದರೊಳಗೆ ಹೆಣ್ಣುಗರು. ನೀವಿಬ್ಬರೂ ಕುಡಿದು ಬೆಳೆದದ್ದು ಆ ಕರು ದೊಡ್ಡದಾಗಿ ಕೊಟ್ಟ ಹಾಲು.

ಸಿಂಚನಾ, ಹೋದ ವರ್ಷ ಅದೇ ದಾರಿಯಲ್ಲಿ ಬರುವಾಗ ಕತ್ತಲಾಗಿತ್ತು. ನಾನು ಕಾರು ನಿಲ್ಲಿಸಲು ಹೇಳಿ, ಧ್ರುವ ಎಲ್ಲಿದೆ ಎಂದು ಕೇಳಿದೆ. ನೀನು ನಕ್ಷತ್ರ ತೋರಿಸುವ ಆ್ಯಪ್ ತೆರೆದು, ಫೋನೆತ್ತಿ ಹಿಡಿದು, "ಕಾಣಲ್ಲ ಅಜ್ಜಿ, ಗುಡ್ಡದ ಹಿಂದೆ ಇದೆ" ಎಂದೆ. ನಿಜವೇ. ಬಡಗಲಿಗೆ ದೊಡ್ಡ ಬಂಡೆಗುಡ್ಡ. ಮುಂದೆ ಬಹಳ ದೂರದವರೆಗೂ ಅದು ಸರಿಯಲಿಲ್ಲ. ಅಜ್ಜಿ ಯಾಕೆ ಕಾರು ನಿಲ್ಲಿಸಲು ಹೇಳಿದರು ಎಂದು ಆಮೇಲೆ ನಿಮ್ಮಮ್ಮನನ್ನು ಕೇಳಿದೆಯಂತೆ. ಇದಕ್ಕೇ. ಆ ರಾತ್ರಿಯೂ ಆ ಗುಡ್ಡ ಅಲ್ಲೇ ಇತ್ತಲ್ಲ.

ಮನೆಗೆ ಬಂದು ತಾಯಮ್ಮನನ್ನು ಕೇಳಿದೆ, ಆ ರಾತ್ರಿ ನಕ್ಷತ್ರ ನೋಡಿದೆಯಾ ಎಂದು. "ನಾನ್ಯಾಕ್ ಆಕಾಸ ನೋಡ್ಲಿ? ನಿನ್ ಬೆನ್ ನೋಡ್ಕಂಡು ಬಂದೆ ಕನಕ್ಕ" ಎಂದಳು.

ನಾನು ಕಂಡದ್ದು ಏನೆಂದು ನನಗೆ ತಿಳಿಯದು. ಹಸು ಮನೆ ಸೇರಿದ್ದು ಮಾತ್ರ ಸುಳ್ಳಲ್ಲ. ಅದರ ಕೊರಳ ಗಂಟೆ ನನ್ನ ಟ್ರಂಕಿನಲ್ಲಿದೆ. ಈ ಹಾಳೆಗಳನ್ನೂ ಅದರ ಜೊತೆಯಲ್ಲೇ ಇಟ್ಟು ಕಾಪಾಡಿ, ಮಕ್ಕಳೇ.